ಸಾಬೀತಿಗೂ ಸುಳ್ಳಿಗೂ ನಡುವೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿಗಳ ನಳಿಕೆಗಳನ್ನು ಪರೀಕ್ಷಿಸುವ ಹಳೆಯ ಸಂಸ್ಥೆಯೊಂದಿದೆ. 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿದ ಅದಕ್ಕೆ ಪ್ರೂಫ್ ಹೌಸ್ ಎಂದು ಹೆಸರು. ಅಲ್ಲಿನ ಕೆಲಸ ಹೇಳಲು ಸುಲಭ, ಮಾಡಲು ಎದೆಗಾರಿಕೆ ಬೇಕು. ಮಾಮೂಲಿ ತೋಟೆಗಿಂತ ಹೆಚ್ಚಿನ ಒತ್ತಡ ಹುಟ್ಟಿಸುವ ಮದ್ದನ್ನು ನಳಿಕೆಗೆ ತುಂಬಿ ಹಾರಿಸುತ್ತಾರೆ. ಸೀಳದೆ, ಉಬ್ಬದೆ ಉಳಿದ ನಳಿಕೆಗೆ ಮುದ್ರೆ ಬೀಳುತ್ತದೆ, ಉಳಿಯದ್ದು ಮಾರಾಟಕ್ಕೆ ಹೋಗುವಂತಿಲ್ಲ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕಂತೂ 1637ರಲ್ಲೇ ರಾಜನ ಸನದು ಸಿಕ್ಕಿತ್ತು. ತಯಾರಿಸಿದವನು ‘ಗಟ್ಟಿಯಾಗಿದೆ’ ಎಂದು ಹೇಳಿದರೆ ಸಾಲದು, ಯಾರಾದರೂ ಹಾರಿಸಿ ನೋಡಬೇಕು ಎಂಬ ತಿಳಿವಳಿಕೆ ಅಷ್ಟು ಹಳೆಯದು.

ನಾವು ದಿನಕ್ಕೆ ಹತ್ತು ಸಲ ಬಳಸುವ ಪ್ರೂವ್ ಎಂಬ ಕ್ರಿಯಾಪದದ ಹಳೆಯ ಮೈ ಇಲ್ಲಿ ಕಾಣುತ್ತದೆ. ಲ್ಯಾಟಿನ್ನಿನ ಪ್ರೊಬಾರೆ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಪ್ರೂವ್ ಆಯಿತು. ಮೂಲದಲ್ಲಿ ಅದಕ್ಕೆ ಎರಡು ಅರ್ಥ: ಪರೀಕ್ಷಿಸು ಎಂಬುದು ಒಂದು, ಪರೀಕ್ಷಿಸಿದ ಮೇಲೆ ಒಳ್ಳೆಯದೆಂದು ಒಪ್ಪು ಎಂಬುದು ಇನ್ನೊಂದು. ನಮ್ಮ ಅಕ್ಕಸಾಲಿಗ ಚಿನ್ನವನ್ನು ಒರೆಗೆ ಹಚ್ಚುತ್ತಾನಲ್ಲ, ಆ ಕೆಲಸಕ್ಕೂ ಅದರ ಕೊನೆಗೆ ಅವನು ಹೇಳುವ ಮಾತಿಗೂ ಒಂದೇ ಕ್ರಿಯಾಪದ ಇದ್ದಿದ್ದರೆ ಹೇಗಿರುತ್ತಿತ್ತೋ, ಪ್ರೂವ್ ಹಾಗಿತ್ತು. ಕಾಲ ಕಳೆದಂತೆ ಮೊದಲ ಅರ್ಥ ಸವೆಯಿತು. ಈಗ ಉಳಿದಿರುವುದು ಫಲಿತಾಂಶ ಮಾತ್ರ. ಒರೆಗೆ ಹಚ್ಚಿದ ಶ್ರಮ ಮಾತಿನಿಂದ ಜಾರಿಹೋಗಿದೆ.

1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲನ್ನು ಇಂದಿನ ಇಂಗ್ಲಿಷ್ ಬಲ್ಲವರು ಓದಿದರೆ ಎಡವುವುದು ಇಂಥ ಕಡೆಗಳಲ್ಲಿ. ಗೊಲ್ಯಾತನೊಡನೆ ಹೋರಾಡಲು ಹೊರಟ ಹುಡುಗ ದಾವೀದನಿಗೆ ಅರಸ ಸೌಲ ತನ್ನ ಕವಚ, ಶಿರಸ್ತ್ರಾಣ ತೊಡಿಸುತ್ತಾನೆ. ದಾವೀದ ಅವನ್ನು ಕಳಚಿಡುತ್ತಾನೆ. ಕಾರಣ ಹೇಳುವಾಗ ಆ ಅನುವಾದ ಬಳಸಿದ ಕ್ರಿಯಾಪದ ಪ್ರೂವ್. ಇವನ್ನು ನಾನು ಸಾಬೀತು ಮಾಡಿಲ್ಲ ಎಂದು ಓದಿಕೊಂಡರೆ ಅರ್ಥವೇ ಆಗುವುದಿಲ್ಲ. ತೊಟ್ಟು ನೋಡಿಲ್ಲ, ಇವು ನನಗೆ ಪಳಗಿಲ್ಲ ಎಂಬುದು ಅವನ ಮಾತು. ಸಂತ ಪೌಲ ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಎಲ್ಲವನ್ನೂ ಪ್ರೂವ್ ಮಾಡಿ ಎನ್ನುವಾಗಲೂ ಕೇಳುತ್ತಿರುವುದು ವಾದವನ್ನಲ್ಲ, ಪರೀಕ್ಷೆಯನ್ನು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಮೂಲೆಮೂಲೆಗಳಲ್ಲಿ ಜೀವ ಹಿಡಿದುಕೊಂಡಿದೆ, ಅದರಲ್ಲಿ ಕೆಲವು ಮೂಲೆಗಳು ನಮ್ಮವೇ. ಪತ್ರಿಕೆಯಲ್ಲಿ ‘ಪ್ರೊಬೇಷನರಿ ಪಿಎಸ್ಐ’ ಎಂದು ಓದುತ್ತೇವೆ: ಕೆಲಸ ಸಿಕ್ಕಿದೆ, ಖಾಯಂ ಆಗಿಲ್ಲ, ಇನ್ನೂ ಪರೀಕ್ಷೆಯ ಅವಧಿ. ಉಯಿಲಿಗೆ ಕೋರ್ಟಿನಿಂದ ಪ್ರೊಬೇಟ್ ತರುತ್ತಾರೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಕಾಲದಿಂದ ಇವತ್ತಿನ ಕಂಪ್ಯೂಟರ್ ಪುಟದವರೆಗೂ ‘ಪ್ರೂಫ್ ನೋಡುವುದು’ ಎಂಬ ಮಾತಿದೆ. ಆ ಪ್ರೂಫ್ ಯಾವುದಕ್ಕೂ ಪುರಾವೆಯಲ್ಲ, ತಪ್ಪು ಎಲ್ಲೆಲ್ಲಿದೆ ಎಂದು ನೋಡಲು ತೆಗೆದ ಕರಡಚ್ಚು. ಪ್ರೂಫ್ ನೋಡುವವರ ಹಾಗೆ ಇಡೀ ಪುಟವನ್ನು ಅನುಮಾನದಿಂದ ಓದುವವರು ಇನ್ನೊಬ್ಬರಿಲ್ಲ, ಪತ್ರಿಕೆಯ ಮಾನ ಉಳಿಯುವುದೂ ಅವರಿಂದಲೇ. ವಾಟರ್‌ಪ್ರೂಫ್, ಬುಲೆಟ್‌ಪ್ರೂಫ್ ಎಂಬ ಮಾತುಗಳಲ್ಲಿರುವ ಪ್ರೂಫ್ ಕೂಡ ಇದೇ. ಯುರೋಪಿನ 16, 17ನೇ ಶತಮಾನದ ಕೆಲವು ಎದೆಕವಚಗಳ ಮೇಲೆ ಒಂದು ಸಣ್ಣ ಗುಳಿ ಉಳಿದಿರುತ್ತದೆ. ಅದು ಯುದ್ಧದ ಗಾಯವಲ್ಲ. ಕಮ್ಮಾರನೇ ಗುಂಡು ಹಾರಿಸಿ, ಒಳಕ್ಕೆ ತೂರಲಿಲ್ಲ ಎಂದು ಕೊಳ್ಳುವವನಿಗೆ ತೋರಿಸಿದ ಗುರುತು.

ಮದ್ಯದ ಬಾಟಲಿಯ ಮೇಲಿನ ಪ್ರೂಫ್ ಇನ್ನೂ ಸ್ವಾರಸ್ಯದ್ದು. ಸಾರಾಯಿ ಎಷ್ಟು ಗಟ್ಟಿ ಎಂದು ತಿಳಿದು ಸುಂಕ ಹಾಕಬೇಕಿತ್ತು. ಕೋವಿಮದ್ದನ್ನು ಅದರಲ್ಲಿ ನೆನೆಸಿ ಬೆಂಕಿ ಹಚ್ಚುತ್ತಿದ್ದರೆಂದೂ, ಹತ್ತಿಕೊಂಡರೆ ಪ್ರೂಫ್‌ಗೆ ಮುಟ್ಟಿದೆ, ನೀರು ಹೆಚ್ಚಾಗಿ ಮದ್ದು ಹತ್ತದೆ ಹೋದರೆ ಮುಟ್ಟಿಲ್ಲ ಎಂದು ತೀರ್ಮಾನಿಸುತ್ತಿದ್ದರೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. 19ನೇ ಶತಮಾನದ ಆರಂಭದಲ್ಲಿ ಸೈಕ್ಸ್ ಎಂಬವನ ದ್ರವಮಾಪಕ ಬಂದು ಬೆಂಕಿಯ ಪರೀಕ್ಷೆ ಲೆಕ್ಕದ ಪರೀಕ್ಷೆಯಾಯಿತು. ಬ್ರಿಟಿಷ್ ಲೆಕ್ಕದ 100 ಡಿಗ್ರಿ ಪ್ರೂಫ್ ಎಂದರೆ ಗಾತ್ರದಲ್ಲಿ ಸುಮಾರು ಶೇಕಡಾ 57.1ರಷ್ಟು ಆಲ್ಕೋಹಾಲ್. ಅದರ ಮುಕ್ಕಾಲು 42.8. ನಮ್ಮ ದೇಶದ ವಿಸ್ಕಿ, ರಮ್ ಬಾಟಲಿಗಳ ಮೇಲೆ 42.8 ಎಂಬ ಆ ವಿಚಿತ್ರ ಸಂಖ್ಯೆಯೂ ಪಕ್ಕದಲ್ಲಿ 75 ಡಿಗ್ರಿ ಪ್ರೂಫ್ ಎಂಬುದೂ ಇರುವುದು ಈ ಕಾರಣಕ್ಕೆ. ಅಮೆರಿಕದವರು ಲೆಕ್ಕ ಸುಲಭ ಮಾಡಿಕೊಂಡರು, ಅವರ 100 ಪ್ರೂಫ್ ಎಂದರೆ ನೇರವಾಗಿ ಅರ್ಧಕ್ಕರ್ಧ.

ಈ ಹಳೆಯ ಅರ್ಥ ಗೊತ್ತಾದವರು ಒಂದು ಗಾದೆಯನ್ನು ತಿದ್ದಲು ಹೊರಡುತ್ತಾರೆ. ಅಪವಾದವೇ ನಿಯಮವನ್ನು ಸಾಬೀತುಪಡಿಸುತ್ತದೆ ಎಂಬ ಇಂಗ್ಲಿಷ್ ಗಾದೆಯಿದೆ. ನಿಯಮ ಮುರಿಯುವ ಸಂಗತಿ ನಿಯಮವನ್ನು ಹೇಗೆ ಸಾಬೀತು ಮಾಡೀತು ಎಂದು ಯಾರಿಗಾದರೂ ಅನ್ನಿಸಬೇಕು. ಆಗ ಬಲ್ಲವರು ಹೇಳುವುದು: ಇಲ್ಲಿ ಪ್ರೂವ್ ಎಂದರೆ ಪರೀಕ್ಷಿಸು, ಅಪವಾದ ನಿಯಮವನ್ನು ಪರೀಕ್ಷೆಗೆ ಒಡ್ಡುತ್ತದೆ ಎಂದರ್ಥ. ಕೇಳಲು ಚೆನ್ನಾಗಿದೆ, ಆದರೆ ಗಾದೆ ಹುಟ್ಟಿದ್ದು ಹಾಗಲ್ಲ. ಅದು ಲ್ಯಾಟಿನ್ ಕಾನೂನು ಸೂತ್ರವೊಂದರ ತುಂಡು. ಪೂರ್ತಿ ಸೂತ್ರದ ತಾತ್ಪರ್ಯ ಇದು: ಕೆಲವು ಸಂದರ್ಭಗಳನ್ನು ಹೊರಗಿಟ್ಟು ಬರೆದಿದ್ದರೆ, ಹೊರಗಿಡದ ಸಂದರ್ಭಗಳಿಗೆ ನಿಯಮ ಅನ್ವಯಿಸುತ್ತದೆ ಎಂಬುದಕ್ಕೆ ಆ ಬರವಣಿಗೆಯೇ ಸಾಕ್ಷಿ. ಕ್ರಿ.ಪೂ. 56ರಲ್ಲಿ ಸಿಸೆರೊ ಬಾಲ್ಬಸ್ ಎಂಬವನ ರೋಮನ್ ಪೌರತ್ವದ ಪರವಾಗಿ ವಾದಿಸುವಾಗ ಹೂಡಿದ ತರ್ಕ ಇದೇ ಜಾಡಿನದು. ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅವರವರಿಗೆ ಪೌರತ್ವ ಕೊಡಕೂಡದು ಎಂದು ಬರೆದಿದೆ, ಹಾಗೆ ಬರೆಯದ ಕಡೆ ಕೊಡಬಹುದು ಎಂದೇ ತಿಳಿಯಬೇಕು ಎಂದ ಅವನು. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ‘ಮಂಗಳವಾರ ರಜೆ’ ಎಂದು ಬರೆದಿದ್ದರೆ ಉಳಿದ ದಿನ ಗಿರಣಿ ನಡೆಯುತ್ತದೆ ಎಂದು ನಾವು ಯಾರನ್ನೂ ಕೇಳದೆ ತಿಳಿದುಕೊಳ್ಳುತ್ತೇವಲ್ಲ, ಅಷ್ಟೇ. ನಮ್ಮ ವಾದಕ್ಕೆ ಹೊಂದದ ಸಂಗತಿಯೊಂದು ಎದುರಾದ ಕೂಡಲೆ ಈ ಗಾದೆ ಹೇಳಿ ಅದನ್ನು ಪಕ್ಕಕ್ಕೆ ತಳ್ಳುವುದಂತೂ ಯಾವ ಅರ್ಥದಲ್ಲೂ ಸರಿಯಲ್ಲ.

ಅನುವಾದದ ಮೇಜಿನಲ್ಲಿ ಕೂರುವವರಿಗೆ ಇನ್ನೊಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಪ್ರೂವ್ ಕೆಲವು ಸಲ ಬರೀ ‘ಆಯಿತು’ ಎಂಬುದಕ್ಕೆ ಸಮ. ಹತ್ತುವುದು ಕಷ್ಟವಾಯಿತು, ಔಷಧ ಗುಣ ಕೊಟ್ಟಿತು, ಕೊನೆಯ ಓವರ್ ದುಬಾರಿಯಾಯಿತು ಎನ್ನುವಲ್ಲೆಲ್ಲ ಅವರು ಪ್ರೂವ್ ಬಳಸುತ್ತಾರೆ. ಅದನ್ನು ಕಂಡಲ್ಲೆಲ್ಲ ಸಾಬೀತು ಎಂದು ಇಳಿಸಿದರೆ, ಕೊನೆಯ ಓವರ್ ದುಬಾರಿ ಎಂದು ಸಾಬೀತಾಯಿತು ಎಂಬಂಥ ವಾಕ್ಯ ಹುಟ್ಟುತ್ತದೆ. ಅಲ್ಲಿ ಯಾರೂ ಏನನ್ನೂ ವಾದಿಸಿರಲಿಲ್ಲ, ಯಾವ ಸಾಕ್ಷಿಯ ವಿಚಾರಣೆಯೂ ನಡೆದಿರಲಿಲ್ಲ. ಸಾಬೀತು ತೂಕದ ಮಾತು. ಅದನ್ನು ಎಲ್ಲೆಂದರಲ್ಲಿ ಚೆಲ್ಲಿದರೆ, ನಿಜವಾಗಿ ಬೇಕಾದಾಗ ಅದಕ್ಕೆ ತೂಕ ಉಳಿದಿರುವುದಿಲ್ಲ. ಟೂತ್‌ಪೇಸ್ಟಿನ ಡಬ್ಬಿಯ ಮೇಲೆ, ತಲೆಗೂದಲಿನ ಎಣ್ಣೆಯ ಮೇಲೆ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದು ಬರೆದಿರುತ್ತದೆ. ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ, ಯಾರು ಪರೀಕ್ಷಿಸಿದರು ಎಂಬುದು ಆ ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಈ ಮಾತನ್ನು ಬಳಸಲು ಹಿಂಜರಿಯುತ್ತಾರೆ. ಪುರಾವೆಗಳು ಇಂಥದ್ದನ್ನು ಬೆಂಬಲಿಸುತ್ತವೆ ಎಂದು ಅವರು ಬರೆದದ್ದು ನಮ್ಮ ತಲೆಬರಹಕ್ಕೆ ಬರುವ ಹೊತ್ತಿಗೆ ‘ವಿಜ್ಞಾನಿಗಳಿಂದ ಸಾಬೀತು’ ಆಗಿರುತ್ತದೆ.

ಪ್ರೂವ್ ಎಂಬ ಮಾತನ್ನು ಹಿಂಜರಿಯದೆ ಬಳಸುವ ಹಕ್ಕು ಪೂರ್ತಿಯಾಗಿ ಇರುವುದು ಗಣಿತದವರಿಗೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಸಾಲು ನೆನಪಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ‘ಸಾಧಿಸಿ’ ಎಂದು ಇದ್ದರೆ ಎಷ್ಟು ತ್ರಿಭುಜ ಅಳೆದು ತೋರಿಸಿದರೂ ಅಂಕ ಸಿಗುವುದಿಲ್ಲ. ಅದು ಮೇಷ್ಟರ ಹಟವಲ್ಲ. ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ 1919ರಲ್ಲಿ ಒಂದು ಊಹೆ ಮುಂದಿಟ್ಟ. ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಹುದು. 10 ಎಂದರೆ 2 ಮತ್ತು 5, ಅಲ್ಲಿಗೆ ಎರಡು ತುಂಡು. 12 ಎಂದರೆ 2, 2, 3, ಅಂದರೆ ಮೂರು ತುಂಡು. ಒಂದರಿಂದ ಶುರುಮಾಡಿ ಎಲ್ಲಿಯವರೆಗೆ ಎಣಿಸಿದರೂ, ಎರಡರ ಆಚೆ, ಬೆಸ ತುಂಡುಗಳ ಸಂಖ್ಯೆಗಳು ಸಮ ತುಂಡುಗಳವಕ್ಕಿಂತ ಕಡಿಮೆಯಾಗುವುದೇ ಇಲ್ಲ ಎಂಬುದು ಅವನ ಊಹೆ. ನೂರರವರೆಗೆ ನೋಡಿ, ನಿಜ. ಲಕ್ಷದವರೆಗೆ ನೋಡಿ, ನಿಜ. ಕೋಟಿ ದಾಟಿದರೂ ನಿಜ. 1958ರಲ್ಲಿ ಹ್ಯಾಸಲ್‌ಗ್ರೋವ್ ಎಂಬ ಗಣಿತಜ್ಞ ಊಹೆ ಎಲ್ಲೋ ಒಂದು ಕಡೆ ಮುರಿಯಲೇಬೇಕು ಎಂದು ಸಾಧಿಸಿದ. ಮೊತ್ತಮೊದಲು ಅದು ಮುರಿಯುವುದು 90 ಕೋಟಿ 61 ಲಕ್ಷ 50 ಸಾವಿರದ 257ರಲ್ಲಿ ಎಂಬುದು 1980ರಲ್ಲಿ ತಿಳಿಯಿತು. ತೊಂಬತ್ತು ಕೋಟಿ ಸಾಕ್ಷಿಗಳು ಒಂದೇ ಮಾತು ಹೇಳಿದ್ದರೂ ಮಾತು ಸುಳ್ಳಾಗಿತ್ತು! ಇದನ್ನು ಓದಿದಾಗ ನನಗೆ ಆದದ್ದು ಬೆರಗಿಗಿಂತ ಹೆಚ್ಚಾಗಿ ಭಯ. ಬದುಕಿನಲ್ಲಿ ನಾಲ್ಕು ಉದಾಹರಣೆ ಕಂಡು ಒಂದು ಜಾತಿಯ ಬಗ್ಗೆ, ಒಂದು ಊರಿನವರ ಬಗ್ಗೆ ತೀರ್ಮಾನ ಕೊಟ್ಟುಬಿಡುವವರು ನಾವು.

ಹಾಗೆಂದು ಗಣಿತದಷ್ಟು ಖಚಿತತೆ ಸಿಗುವವರೆಗೆ ಕಾಯುತ್ತ ಕೂತರೆ ಜಗತ್ತು ನಡೆಯದು. ಕಳ್ಳತನವಾಗಿದೆ, ಕೊಲೆಯಾಗಿದೆ, ಜಮೀನಿನ ಬದು ಒತ್ತುವರಿಯಾಗಿದೆ, ಯಾರೋ ತೀರ್ಪು ಕೊಡಬೇಕು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಈ ಕಷ್ಟವನ್ನು ಎದುರಿಸಿದ ರೀತಿ ನನಗೆ ಬಹಳ ಮೆಚ್ಚುಗೆ. ಮೂರನೇ ಕಲಮಿನಲ್ಲೇ ಅವನು ಸಾಬೀತು ಎಂದರೇನು ಎಂದು ವ್ಯಾಖ್ಯಾನಿಸಿದ. ತನ್ನ ಮುಂದಿರುವುದನ್ನೆಲ್ಲ ನೋಡಿ ನ್ಯಾಯಾಲಯ ಒಂದು ಸಂಗತಿ ಇದೆ ಎಂದು ನಂಬಬೇಕು. ಅಥವಾ ವಿವೇಕವುಳ್ಳ ಮನುಷ್ಯನೊಬ್ಬ ಅದು ಇದೆ ಎಂದುಕೊಂಡೇ ಮುಂದಿನ ಹೆಜ್ಜೆ ಇಡಬೇಕಾದಷ್ಟು ಅದು ಸಂಭವನೀಯ ಎಂದು ಅನ್ನಿಸಬೇಕು. ದೇವರಿಗೆ ಗೊತ್ತಿರುವ ಸತ್ಯವನ್ನು ಕಾನೂನು ಕೇಳುತ್ತಿಲ್ಲ. ಹೆಜ್ಜೆ ಇಡಲು ಸಾಕಾಗುವಷ್ಟು ಗಟ್ಟಿ ನೆಲ ಕೇಳುತ್ತಿದೆ.

ಸ್ಟೀಫನ್ ಅಲ್ಲಿಗೆ ನಿಲ್ಲಲಿಲ್ಲ. ಸಾಬೀತಾದದ್ದು, ಇಲ್ಲವೆಂದು ಸಾಬೀತಾದದ್ದು ಎಂಬ ಎರಡರ ಜೊತೆಗೆ ಸಾಬೀತಾಗದ್ದು ಎಂಬ ಮೂರನೆಯದನ್ನೂ ವ್ಯಾಖ್ಯಾನಿಸಿದ. ಇದೆ ಎಂದೂ ತೋರಿಸಲಾಗಿಲ್ಲ, ಇಲ್ಲ ಎಂದೂ ತೋರಿಸಲಾಗಿಲ್ಲ ಎಂಬ ಸ್ಥಿತಿಗೆ ಕಾನೂನಿನಲ್ಲೇ ಜಾಗ ಸಿಕ್ಕಿತು. 2024ರ ಜುಲೈ 1ರಿಂದ ಆ ಹಳೆಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಬಂದಿದೆ. ಕಲಮಿನ ಸಂಖ್ಯೆ ಬದಲಾಗಿದೆ, ಈ ಮೂರು ವ್ಯಾಖ್ಯಾನಗಳು ಅದರಲ್ಲೂ ಇವೆ.

ಸ್ಕಾಟ್ಲೆಂಡಿನವರು ಇದನ್ನು ತೀರ್ಪಿನ ಹಂತಕ್ಕೇ ಒಯ್ದಿದ್ದರು. ಅವರ ಜ್ಯೂರಿ ಅಪರಾಧಿ, ನಿರಪರಾಧಿ ಎಂಬ ಎರಡಲ್ಲದೆ ‘ನಾಟ್ ಪ್ರೂವನ್’ ಎಂಬ ಮೂರನೆಯ ತೀರ್ಪನ್ನೂ ಕೊಡಬಹುದಿತ್ತು. ಪ್ರೂವ್ಡ್ ಎಂದು ಇರಬೇಕಾದಲ್ಲಿ ಪ್ರೂವನ್ ಎಂಬ ರೂಪ ಇಂಗ್ಲಿಷಿನಲ್ಲಿ ಹರಡಿದ್ದು ಬಹುಪಾಲು ಸ್ಕಾಟ್ ಕಾನೂನಿನ ಮಾತಿನಿಂದಲೇ. 1857ರಲ್ಲಿ ಗ್ಲಾಸ್ಗೋದ ಮ್ಯಾಡೆಲಿನ್ ಸ್ಮಿತ್ ಎಂಬ ಯುವತಿಯ ಮೇಲೆ ಹಳೆಯ ಪ್ರಿಯಕರನಿಗೆ ಪಾಷಾಣವಿಕ್ಕಿ ಕೊಂದ ಆರೋಪ ಬಂತು. ಅವಳು ಪಾಷಾಣ ಕೊಂಡದ್ದು ನಿಜ, ಅವನು ಅದರಿಂದ ಸತ್ತದ್ದೂ ನಿಜ. ಸಾಯುವ ಮುಂಚಿನ ಗಳಿಗೆಗಳಲ್ಲಿ ಅವರಿಬ್ಬರೂ ಭೇಟಿಯಾಗಿದ್ದರು ಎಂಬುದನ್ನು ತೋರಿಸಲಾಗಲಿಲ್ಲ. ಕೊಲೆಯ ಆರೋಪಕ್ಕೆ ಜ್ಯೂರಿ ಕೊಟ್ಟ ಉತ್ತರ ಸಾಬೀತಾಗಿಲ್ಲ ಎಂದು. ಅವಳು ಬಿಡುಗಡೆಯಾಗಿ 1928ರವರೆಗೆ ಬದುಕಿದಳು, ಅನುಮಾನವೂ ಅವಳೊಡನೆ ಅಷ್ಟೇ ಕಾಲ ಬದುಕಿತು. ಈ ಮೂರನೆಯ ತೀರ್ಪು ಸಂತ್ರಸ್ತರ ಮನೆಯವರಿಗೂ ನೆಮ್ಮದಿ ಕೊಡುವುದಿಲ್ಲ, ಆರೋಪಿಗೂ ಕಳಂಕ ಕಳೆಯುವುದಿಲ್ಲ ಎಂಬ ದೂರು ಬಹಳ ಕಾಲದಿಂದ ಇತ್ತು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಅದನ್ನು ರದ್ದುಪಡಿಸುವ ಮಸೂದೆಯನ್ನು ಅಂಗೀಕರಿಸಿತು. ಆ ನಿರ್ಧಾರ ಸರಿಯೆಂದೇ ನನಗನ್ನಿಸುತ್ತದೆ. ಬಿಡುಗಡೆಯಲ್ಲಿ ಎರಡು ದರ್ಜೆ ಇರಬಾರದು. ಆದರೆ ತೀರ್ಪಿನ ಹೆಸರು ಹೋದರೂ ಆ ಸ್ಥಿತಿ ಎಲ್ಲಿಗೂ ಹೋಗುವುದಿಲ್ಲ. ನಮಗೆ ನಿಜವಾಗಿ ಗೊತ್ತಿಲ್ಲದ ಸಂಗತಿಗಳು ಪ್ರತಿ ಕೋರ್ಟಿನಲ್ಲೂ ಪ್ರತಿ ದಿನ ಎದುರಾಗುತ್ತವೆ.

ನಮ್ಮ ಸಿವಿಲ್ ಕೋರ್ಟುಗಳಲ್ಲಿ ದಾವೆಯ ಸಾಕ್ಷ್ಯ ವಿಚಾರಣೆ ಶುರುವಾಗುವ ಮುಂಚೆ ನ್ಯಾಯಾಧೀಶರು ವಿವಾದಾಂಶಗಳನ್ನು ಬರೆದುಕೊಳ್ಳುತ್ತಾರೆ. ಜಮೀನು ಯಾರದು ಎಂದು ಅವರು ನೇರವಾಗಿ ಕೇಳಿಕೊಳ್ಳುವುದಿಲ್ಲ. ದಾವಾ ಸ್ವತ್ತು ತನ್ನ ಸ್ವಾಧೀನದಲ್ಲಿದೆ ಎಂದು ವಾದಿಯು ರುಜುವಾತುಪಡಿಸುವನೇ ಎಂಬ ರೂಪದಲ್ಲಿ ಕೇಳಿಕೊಳ್ಳುತ್ತಾರೆ. ಅದಕ್ಕೆ ‘ಇಲ್ಲ’ ಎಂದು ಉತ್ತರ ಬಂದರೆ, ಅವನು ಅಲ್ಲಿ ಎಂದೂ ಉತ್ತಿರಲಿಲ್ಲ ಎಂದಲ್ಲ, ತಂದ ಪಹಣಿ, ತಂದ ಸಾಕ್ಷಿ ಸಾಲಲಿಲ್ಲ ಎಂದು. ಹಳ್ಳಿಗಳಲ್ಲಿ ಈ ವ್ಯತ್ಯಾಸ ಯಾರಿಗೂ ವಿವರಿಸಿ ಹೇಳುವವರಿಲ್ಲದೆ, ಸೋತವನು ಸುಳ್ಳುಗಾರ ಎಂಬ ಹೆಸರು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಅಜ್ಜನ ಕಾಲದ ಬಾಯಿಮಾತಿನ ಪಾಲು ಕಾಗದಕ್ಕೆ ಏರದಿದ್ದದ್ದು ಅವನ ತಪ್ಪೇನಲ್ಲ.

ಒಂದೇ ಸಂಗತಿ ಒಂದು ಕಡೆ ಸಾಬೀತಾಗಿ ಇನ್ನೊಂದು ಕಡೆ ಆಗದಿರಬಹುದು ಎಂಬುದು ಇನ್ನೂ ಗೊಂದಲ ಹುಟ್ಟಿಸುತ್ತದೆ. ಲಂಚದ ಮೊಕದ್ದಮೆಯಲ್ಲಿ ಖುಲಾಸೆಯಾದ ನೌಕರನನ್ನು ಇಲಾಖಾ ವಿಚಾರಣೆಯಲ್ಲಿ ತಪ್ಪಿತಸ್ಥನೆಂದು ಕಂಡು ಕೆಲಸದಿಂದ ತೆಗೆದಿದ್ದಾರೆ ಎಂದು ಓದಿದರೆ, ಎರಡರಲ್ಲಿ ಒಂದು ತಪ್ಪಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೇನಿಲ್ಲ. ಕ್ರಿಮಿನಲ್ ಕೋರ್ಟು ಒಬ್ಬನನ್ನು ಜೈಲಿಗೆ ಕಳಿಸಬೇಕು, ಆದ್ದರಿಂದ ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಲಿ ಎನ್ನುತ್ತದೆ. ಇಲಾಖೆ ನೋಡುವುದು ಆರೋಪ ನಿಜವಾಗಿರುವ ಸಂಭವ ಹೆಚ್ಚೋ, ಸುಳ್ಳಾಗಿರುವ ಸಂಭವ ಹೆಚ್ಚೋ ಎಂದು. ಇಡಬೇಕಾದ ಹೆಜ್ಜೆ ಎಷ್ಟು ಭಾರದ್ದೋ ಅಷ್ಟು ಗಟ್ಟಿ ನೆಲ ಬೇಕು.

ನಾವು ಪತ್ರಿಕೆಯವರು, ಟಿವಿಯವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ಸಾಕ್ಷ್ಯ ಸಾಲದೆ ಬಿಡುಗಡೆಯಾದವನ ಬಗ್ಗೆ ಬರೆಯುವಾಗ ‘ತಪ್ಪಿಸಿಕೊಂಡ’ ಎಂಬ ಧ್ವನಿ ನುಸುಳುತ್ತದೆ. ಅವನಿಗೆ ಹೆಣ್ಣು ಕೊಡಲು ಹಿಂದೆಗೆಯುತ್ತಾರೆ, ಕೆಲಸ ಕೊಡಲು ಹಿಂದೆಗೆಯುತ್ತಾರೆ, ಕೋರ್ಟು ಬಿಟ್ಟರೂ ಊರು ಬಿಡುವುದಿಲ್ಲ. ಹಾಗೆಯೇ ದೂರು ಕೊಟ್ಟವಳ ಪಾಡು ಯೋಚಿಸಿ. ಮೇಲಧಿಕಾರಿಯ ಮೇಲೆ ಕಿರುಕುಳದ ದೂರು ಕೊಟ್ಟವಳೊಬ್ಬಳು ಮೊಕದ್ದಮೆ ಸೋತಳು ಎಂದುಕೊಳ್ಳೋಣ. ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಅವಳು ಎಲ್ಲಿಂದ ಸಾಕ್ಷಿ ತರಬೇಕಿತ್ತು? ಆರೋಪ ಸಾಬೀತಾಗಿಲ್ಲ ಎಂದಷ್ಟೇ ತೀರ್ಪಿನಲ್ಲಿದ್ದರೂ ಮರುದಿನದಿಂದ ಅವಳ ದೂರು ‘ಸುಳ್ಳು ದೂರು’ ಆಗುತ್ತದೆ. ಅವಳು ಸುಳ್ಳು ಹೇಳಿದಳು ಎಂಬುದು ಬೇರೆಯೇ ಒಂದು ಆರೋಪ. ಅದನ್ನು ಹೊರಿಸಬೇಕೆನ್ನುವವರು ಪ್ರತ್ಯೇಕವಾಗಿ ದೂರಿಟ್ಟು, ಸಾಕ್ಷ್ಯ ತಂದು, ಸವಾಲು ಎದುರಿಸಿ, ಅದನ್ನೂ ಸಾಬೀತು ಮಾಡಬೇಕಾಗುತ್ತದೆ.